ಪಟ್ಟಿಯಲ್ಲಿ ನಮ್ಮ ಹೆಸರೆಲ್ಲಿ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಭಾಷಣಕ್ಕೆ ಮುಂಚೆ ನಿಮ್ಮನ್ನ ಮೂರು ಪ್ರಶ್ನೆ ಕೇಳಬೇಕು. ಇಲ್ಲಿ ಕೂತವರಲ್ಲಿ ಹದಿನೆಂಟು ತುಂಬಿದವರು ಎಷ್ಟು ಜನ? ಹೆಚ್ಚು ಕಮ್ಮಿ ಎಲ್ಲರ ಕೈಯೂ ಮೇಲಿದೆ. ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರನ್ನು ಕಣ್ಣಾರೆ ನೋಡಿದವರು ಎಷ್ಟು ಜನ? ಅರ್ಧ ಕೈ ಇಳಿದವು. ನಿಮ್ಮ ಅವ್ವನ ಹೆಸರನ್ನ ಆ ಪಟ್ಟಿಯಲ್ಲಿ ಹೇಗೆ ಬರೆದಿದ್ದಾರೆ ಅಂತ ಬಲ್ಲವರು? ಎರಡೋ ಮೂರೋ ಕೈ. ಇಳಿದ ಕೈಗಳ ಹತ್ತಿರವೇ ನಾವು ಇವತ್ತು ಮಾತಾಡಬೇಕಾಗಿರೋದು.

"ಯಾರು ಗೆದ್ರೂ ನಮ್ಮ ಕೇರಿಗೆ ಚರಂಡಿ ಬರಲಿಲ್ಲ, ಓಟು ಹಾಕಿ ಏನು ಉದ್ಧಾರ ಆಗಬೇಕು?" ಅಂತ ನಮ್ಮ ಹುಡುಗರು ಕೇಳ್ತಾರೆ. ಸಿಟ್ಟು ನ್ಯಾಯವಾದದ್ದೇ. ಆದರೆ ಓಟಿಗೆ ಬೆಲೆಯೇ ಇಲ್ಲ ಅನ್ನೋದಾದರೆ ಚುನಾವಣೆಯ ಹಿಂದಿನ ರಾತ್ರಿ ಕೇರಿಯೊಳಕ್ಕೆ ಕಾರುಗಳು ಯಾಕೆ ಬರ್ತವೆ? ಐದು ವರ್ಷ ಇತ್ತ ತಲೆ ಹಾಕದವರು ಅವತ್ತು ನಮ್ಮ ಅಜ್ಜಿಯ ಕಾಲು ಹಿಡಿಯೋಕೆ ಯಾಕೆ ಬಗ್ಗುತ್ತಾರೆ? ಬೆಲೆಯಿಲ್ಲದ ಸಾಮಾನನ್ನ ಯಾರೂ ಕೊಳ್ಳೋಕೆ ಬರೋದಿಲ್ಲ. ನಮ್ಮ ಓಟಿನ ಬೆಲೆ ಅವರಿಗೆ ಗೊತ್ತಿದೆ. ನಮಗೆ ಗೊತ್ತಾಗೋದು ಯಾವಾಗ?

ನಮ್ಮ ಜನರ ಹೆಸರು ಬರೆದ ಪುಸ್ತಕಗಳು ಈ ನಾಡಿನಲ್ಲಿ ಬೇಕಾದಷ್ಟಿವೆ. ಸಾಹುಕಾರನ ಸಾಲದ ಪುಸ್ತಕದಲ್ಲಿ ನಮ್ಮ ತಾತನ ಹೆಸರಿತ್ತು, ಅದರ ಕೆಳಗೆ ಹೆಬ್ಬೆಟ್ಟಿತ್ತು. ಜೀತದ ಲೆಕ್ಕದಲ್ಲಿ ಅಪ್ಪನ ಹೆಸರಿತ್ತು. ಬರೆದವರು, ಓದಿದವರು ಅವರೇ. ಅವುಗಳ ಭಾರ ಹೊತ್ತವರು ಮಾತ್ರ ನಾವು. ಮತದಾರರ ಪಟ್ಟಿಯೂ ಒಂದು ಪುಸ್ತಕ. ಅದರಲ್ಲಿ ಊರ ಗೌಡನ ಹೆಸರೂ ಅವನ ಹೊಲದಲ್ಲಿ ಕೂಲಿ ಮಾಡುವ ನಮ್ಮ ಚಿಕ್ಕಪ್ಪನ ಹೆಸರೂ ಒಂದೇ ಗಾತ್ರದ ಅಕ್ಷರದಲ್ಲಿ ಅಚ್ಚಾಗಿರುತ್ತೆ. ಇಬ್ಬರಿಗೂ ಒಂದೊಂದು ಕ್ರಮಸಂಖ್ಯೆ, ಇಬ್ಬರಿಗೂ ಒಂದೊಂದು ಓಟು. ಒಂದು ಕ್ಷೇತ್ರಕ್ಕೆ ಒಂದೇ ಪಟ್ಟಿ, ಜಾತಿ ಧರ್ಮ ಲಿಂಗದ ಕಾರಣಕ್ಕೆ ಯಾರನ್ನೂ ಅದರಿಂದ ಹೊರಗಿಡಬಾರದು ಅಂತ ಸಂವಿಧಾನದ 325ನೇ ವಿಧಿ ಹೇಳುತ್ತೆ. ಊರಿಗೊಂದು ಬಾವಿ, ಕೇರಿಗೊಂದು ಬಾವಿ ಇದ್ದ ನಾಡಿನಲ್ಲಿ ಎಲ್ಲರಿಗೂ ಸೇರಿ ಒಂದೇ ಪಟ್ಟಿ! ಈ ಪುಸ್ತಕವನ್ನ ನಾವು ಓದದೆ ಬಿಟ್ಟರೆ ಹೇಗೆ?

ಇದು ಪುಕ್ಕಟೆ ಬಂದದ್ದಲ್ಲ

1881ರಲ್ಲಿ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕೂಡಿಸಿದರು. ಹೆಸರು ಪ್ರಜಾಪ್ರತಿನಿಧಿ. ಒಳಗೆ ಕೂತವರು ಜಮೀನು ಇದ್ದವರು, ವ್ಯಾಪಾರ ಇದ್ದವರು. ಬ್ರಿಟಿಷರ ಕಾಲದ ಓಟೂ ಹಾಗೇ: ಕಂದಾಯ ಕಟ್ಟೋನಿಗೆ, ಆಸ್ತಿ ಇದ್ದೋನಿಗೆ, ಓದಿದೋನಿಗೆ. ಭೂಮಿ ಮುಟ್ಟಗೊಡದೆ, ಶಾಲೆಯ ಒಳಕ್ಕೆ ಬಿಡದೆ, ಆಮೇಲೆ ಭೂಮಿ ಇಲ್ಲ ಅಕ್ಷರ ಇಲ್ಲ ಅಂತ ಓಟನ್ನೂ ಕೊಡಲಿಲ್ಲ.

1919ರ ಜನವರಿಯಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಬಾಬಾಸಾಹೇಬ್ ಅಂಬೇಡ್ಕರ್ ಅಸ್ಪೃಶ್ಯರಿಗೆ ಮತದ ಹಕ್ಕು ಕೇಳಿದಾಗ ಅವರಿಗೆ 27 ವರ್ಷ. ಇಲ್ಲಿ ಕೂತ ಕೆಲವರಿಗಿಂತ ನಾಲ್ಕೈದು ವರ್ಷ ದೊಡ್ಡವರು, ಅಷ್ಟೆ. 1928ರಲ್ಲಿ ಸೈಮನ್ ಆಯೋಗದ ಮುಂದೆ ವಯಸ್ಸಿಗೆ ಬಂದ ಎಲ್ಲರಿಗೂ ಓಟು ಬೇಕು ಅಂದರು. ಅಕ್ಷರ ಬಾರದವರಿಗೆ ಓಟು ಯಾಕೆ ಅಂತ ದೊಡ್ಡ ದೊಡ್ಡವರೇ ಕೇಳುತ್ತಿದ್ದ ಕಾಲ ಅದು. 326ನೇ ವಿಧಿ ಆ ಹೋರಾಟಕ್ಕೆ ಬಿದ್ದ ಮುದ್ರೆ. ಮೊದಲು 21 ವರ್ಷ ಆಗಿರಬೇಕಿತ್ತು. 61ನೇ ತಿದ್ದುಪಡಿ ಬಂದ ಮೇಲೆ, 1989ರಿಂದ, 18.

ಇನ್ನೊಂದು ಸಂಗತಿ ತಂಗಿಯರು ಕೇಳಬೇಕು. 1951-52ರ ಮೊದಲ ಸಾರ್ವತ್ರಿಕ ಚುನಾವಣೆಗೆ ಪಟ್ಟಿ ಮಾಡುವಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಬಿಟ್ಟುಹೋಯಿತು. ಯಾಕೆ? ಅವರು ತಮ್ಮ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ತಾಯಿ ಅಂತ ಬರೆಸಿದ್ದರು. ಸ್ವಂತ ಹೆಸರು ಇಲ್ಲದವರನ್ನು ಪಟ್ಟಿಗೆ ಸೇರಿಸಲಾಗದು ಅಂತ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅಂದರು. ಹೆಸರು ಹೇಳುವುದೂ ಒಂದು ಹೋರಾಟವೇ, ಗೆಳೆಯರೆ.

ಹೆಸರು ಸೇರಿಸೋದು ಹೇಗೆ?

ಈಗ ಕೆಲಸದ ಮಾತು. ಬರೆದುಕೊಳ್ಳಿ.

2022ರಿಂದ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ ಇವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಇವುಗಳಲ್ಲಿ ಯಾವ ದಿನಕ್ಕೆ 18 ತುಂಬಿರುತ್ತೋ ಆ ಸುತ್ತಿನಲ್ಲಿ ಹೆಸರು ಸೇರುತ್ತೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಪಿಯುಸಿ ಎರಡನೇ ವರ್ಷದಲ್ಲಿರುವ ನಮ್ಮ ತಮ್ಮಂದಿರು ಕಾಯಬೇಕಾಗಿಲ್ಲ.

ಹೊಸದಾಗಿ ಹೆಸರು ಸೇರಿಸೋಕೆ ಫಾರಂ 6. ಫೋಟೋ ಒಂದು ಬೇಕು. ವಯಸ್ಸಿಗೆ ಜನನ ಪ್ರಮಾಣಪತ್ರ, ಆಧಾರ್, ಇಲ್ಲಾಂದ್ರೆ ಹುಟ್ಟಿದ ತಾರೀಖು ಇರುವ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಸಾಕು. ವಿಳಾಸಕ್ಕೆ ಆಧಾರ್, ಬ್ಯಾಂಕ್ ಅಥವಾ ಅಂಚೆ ಕಛೇರಿ ಪಾಸ್‌ಬುಕ್, ಕರೆಂಟು ಬಿಲ್ಲು, ಇಂಥದ್ದೊಂದು. ನಿಮ್ಮ ಹೆಸರಲ್ಲಿ ಇಲ್ಲದಿದ್ದರೆ ಅಪ್ಪ ಅವ್ವನ ಹೆಸರಿನದು ನಡೆಯುತ್ತೆ. ತಕ್ಕ ಕಾರಣವಿದ್ದು ಆಧಾರ್ ಕೊಡಲಾಗದವರ ಅರ್ಜಿಯನ್ನ ಆಧಾರ್ ಇಲ್ಲ ಅನ್ನೋ ಒಂದೇ ನೆಪಕ್ಕೆ ತಳ್ಳಿಹಾಕುವ ಹಾಗಿಲ್ಲ.

ಕೊಡೋದು ಎಲ್ಲಿ? ಪ್ರತಿ ಮತಗಟ್ಟೆಗೂ ಒಬ್ಬ ಬೂತ್ ಮಟ್ಟದ ಅಧಿಕಾರಿ ಇರ್ತಾರೆ. ಬಿಎಲ್‌ಒ ಅಂತ ಕರೀತಾರೆ. ಅನೇಕ ಕಡೆ ನಮ್ಮ ಶಾಲೆಯ ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ ಇವರೇ ಆ ಕೆಲಸ ಮಾಡೋದು. ಅವರ ಕೈಗೆ ಕೊಡಿ, ಇಲ್ಲಾ ತಾಲ್ಲೂಕು ಕಛೇರಿಗೆ ಕೊಡಿ. ಮೊಬೈಲಿನಲ್ಲೂ ಚುನಾವಣಾ ಆಯೋಗದ ತಾಣದಲ್ಲಿ ತುಂಬಬಹುದು. 1950ಕ್ಕೆ ಫೋನ್ ಮಾಡಿದರೆ ಮಾಹಿತಿ ಸಿಗುತ್ತೆ. ಇದಕ್ಕೆ ಒಂದು ಪೈಸೆ ಫೀಸು ಇಲ್ಲ. ಕೈ ಚಾಚಿದರೆ ಯಾತಕ್ಕೆ ಅಂತ ಕೇಳಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಇಸ್ಕೊಳ್ಳದೆ ಬಾಗಿಲು ದಾಟಬೇಡಿ. ಬಾಯಿಮಾತಿನ "ಆಗುತ್ತೆ ಹೋಗಪ್ಪ" ನಮಗೆ ಹೊಸದಲ್ಲ.

ಅರ್ಜಿ ತಿರಸ್ಕಾರವಾದರೆ ಕಾರಣ ಬರವಣಿಗೆಯಲ್ಲಿ ಕೇಳಿ. ಹದಿನೈದು ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಅಲ್ಲೂ ಆಗದಿದ್ದರೆ ಮೂವತ್ತು ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ.

ಚುನಾವಣೆ ಘೋಷಣೆ ಆಗಲಿ, ಆಮೇಲೆ ನೋಡೋಣ ಅನ್ನಬೇಡಿ. ನಾಮಪತ್ರ ಸಲ್ಲಿಸುವ ಕೊನೆ ದಿನ ಮುಗಿದ ಮೇಲೆ ಪಟ್ಟಿಗೆ ಒಂದು ಹೆಸರೂ ಸೇರೋದಿಲ್ಲ, ಹೋಗೋದಿಲ್ಲ. ಆಕ್ಷೇಪಣೆಗೆ ಏಳು ದಿನ ಬಿಡಬೇಕು. ಆದ್ದರಿಂದ ಆ ಕೊನೆ ದಿನಕ್ಕೆ ಹತ್ತು ದಿನ ಮುಂಚೆಯಾದರೂ ಅರ್ಜಿ ಒಳಗಿರಬೇಕು. ಈಗಿನ ವಿಧಾನಸಭೆ 2023ರ ಮೇ 10ರಂದು ನಾವು ಹಾಕಿದ ಓಟಿನದು. ಅದರ ಪೂರ್ತಿ ಅವಧಿ 2028ರ ಮೇ ತಿಂಗಳಿಗೆ ಮುಗಿಯುತ್ತೆ. ಗ್ರಾಮ ಪಂಚಾಯ್ತಿ ಚುನಾವಣೆಗೂ ವಿಧಾನಸಭೆಯ ಪಟ್ಟಿಯೇ ಬುನಾದಿ. ಆದ್ದರಿಂದ ಇದು ಇವತ್ತಿನ ಕೆಲಸ.

ಹಾಸ್ಟೆಲಿನಲ್ಲೋ, ಊರಿನಲ್ಲೋ?

ನಮ್ಮಂಥವರ ದೊಡ್ಡ ಸಮಸ್ಯೆ ಇದು. ಹೆಸರು ಊರಲ್ಲಿ, ಇರೋದು ಹಾಸ್ಟೆಲಿನಲ್ಲಿ. ಓಟಿನ ದಿನ ಊರಿಗೆ ಹೋಗೋಕೆ ಕಾಸಿಲ್ಲ, ಇಲ್ಲಿ ಹಾಕೋಕೆ ಹೆಸರಿಲ್ಲ. ಹೀಗೆ ಓದಿದ ಮಕ್ಕಳ ಓಟೇ ಪೋಲಾಗುತ್ತೆ.

ಆಯೋಗದ ನಿಯಮ ಹೀಗಿದೆ: ಹಾಸ್ಟೆಲಿನಲ್ಲಿದ್ದು ಓದುವ ವಿದ್ಯಾರ್ಥಿ ತನ್ನ ಊರಿನಲ್ಲಿ ಅಪ್ಪ ಅವ್ವನ ಜೊತೆ ಹೆಸರು ಬರೆಸಬಹುದು, ಇಲ್ಲಾ ಹಾಸ್ಟೆಲ್ ವಿಳಾಸದಲ್ಲೇ ಬರೆಸಬಹುದು. ಆಯ್ಕೆ ನಮ್ಮದು. ಹಾಸ್ಟೆಲ್ ವಿಳಾಸಕ್ಕೆ ಮಾನ್ಯತೆ ಇರುವ ಕೋರ್ಸು ಆಗಿರಬೇಕು, ಒಂದು ವರ್ಷಕ್ಕೆ ಕಮ್ಮಿ ಇರಬಾರದು. ಪ್ರಿನ್ಸಿಪಾಲರೋ ರಿಜಿಸ್ಟ್ರಾರರೋ ಸಹಿ ಮಾಡಿದ ಬೋನಾಫೈಡ್ ಪ್ರಮಾಣಪತ್ರವನ್ನು ಫಾರಂ 6ಕ್ಕೆ ಲಗತ್ತಿಸಬೇಕು. ಅಡ್ರೆಸ್ ಪ್ರೂಫ್ ಇಲ್ಲ ಅಂತ ಹಾಸ್ಟೆಲ್ ಹುಡುಗರನ್ನು ವಾಪಸ್ ಕಳಿಸುವ ಗುಮಾಸ್ತರಿಗೆ ಈ ನಿಯಮ ಹೇಳಿ. ಒಬ್ಬೊಬ್ಬರೇ ಹೋದರೆ ಕೇಳಿಸೋದಿಲ್ಲ. ಹತ್ತು ಜನ ಹತ್ತು ಅರ್ಜಿ ಹಿಡಕೊಂಡು ಹೋಗಿ.

ಎರಡೂ ಕಡೆ ಹೆಸರಿಡೋದು ಮಾತ್ರ ಕೂಡದು. 1950ರ ಪ್ರಜಾಪ್ರತಿನಿಧಿ ಕಾಯ್ದೆ ಅದನ್ನ ನಿಷೇಧಿಸಿದೆ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು. ಊರಲ್ಲಿ ಆಗಲೇ ಹೆಸರಿದ್ದು ಹಾಸ್ಟೆಲಿಗೆ ತರಬೇಕಾದರೆ ಫಾರಂ 6 ತುಂಬಬೇಡಿ. ಅದಕ್ಕೆ ಫಾರಂ 8. ಓದು ಮುಗಿಸಿ ಹೋಗುವಾಗ ಮತ್ತೆ ಫಾರಂ 8ರಲ್ಲಿ ವಾಪಸ್ ಒಯ್ಯಬೇಕು.

ಹಾಗಾದರೆ ಎಲ್ಲಿ ಬರೆಸೋದು ಒಳ್ಳೇದು? ನಮ್ಮ ಅನಿಸಿಕೆ ಹೇಳ್ತೀವಿ, ಒಪ್ಪೋದು ಬಿಡೋದು ನಿಮಗೆ ಸೇರಿದ್ದು. ಊರಿಗೆ ಹೋಗಿಬರುವ ದಾರಿ ಇದ್ದವರು ಊರಲ್ಲೇ ಇಡಿ. ಪಟ್ಟಣದ ಬೂತಿನಲ್ಲಿ ನಾವು ಸಾವಿರದಲ್ಲಿ ಒಬ್ಬರು. ಊರ ಬೂತಿನಲ್ಲಿ ನಾವು ಪಟ್ಟಿ ಓದಬಲ್ಲ ಮಗ, ಕಾನೂನು ಬಲ್ಲ ಮಗಳು. ಓದಿದ ಹುಡುಗಿಯೊಬ್ಬಳು ಸಾಲಿನಲ್ಲಿ ನಿಂತಿದ್ದಾಳೆ ಅಂದರೆ ಅವಳ ಹಿಂದೆ ನಿಂತ ಹತ್ತು ಹೆಂಗಸರಿಗೆ ಧೈರ್ಯ ಬರುತ್ತೆ. ದೂರದ ಜಿಲ್ಲೆಯವರು, ಖರ್ಚಿಗೆ ಗತಿಯಿಲ್ಲದವರು ಯಾವ ಸಂಕೋಚವೂ ಇಲ್ಲದೆ ಹಾಸ್ಟೆಲಿನಲ್ಲಿ ಬರೆಸಿ. ಹಾಕದ ಊರ ಓಟಿಗಿಂತ ಹಾಕಿದ ಹಾಸ್ಟೆಲ್ ಓಟು ಮೇಲು.

ಕೇರಿಯ ಹೆಸರುಗಳು

ನಿಮ್ಮ ಹೆಸರು ಸೇರಿದ ಕೂಡಲೆ ಕೆಲಸ ಮುಗೀತು ಅಂದ್ಕೋಬೇಡಿ. ಮುಂದಿನ ರಜಕ್ಕೆ ಊರಿಗೆ ಹೋದಾಗ ನಿಮ್ಮ ಬೂತಿನ ಪಟ್ಟಿ ತಗೊಂಡು ಹೋಗಿ. ಆಯೋಗದ ತಾಣದಿಂದ ಇಳಿಸಿಕೊಳ್ಳಬಹುದು, ಬಿಎಲ್‌ಒ ಹತ್ತಿರ ನೋಡಬಹುದು. ಕೇರಿಯ ಅರಳಿಕಟ್ಟೆ ಮೇಲೆ ಕೂತು ಮನೆ ಮನೆ ಹೆಸರು ಗಟ್ಟಿಯಾಗಿ ಓದಿ. ಆಗ ಗೊತ್ತಾಗುತ್ತೆ. ಕೆಂಪಮ್ಮ ಕಂಪಮ್ಮ ಆಗಿರ್ತಾಳೆ. ಅರವತ್ತರ ಅಜ್ಜನಿಗೆ ಮೂವತ್ತು ವರ್ಷ ಬರೆದಿರ್ತಾರೆ. ಬದುಕಿರೋರು ಪಟ್ಟಿಯಲ್ಲಿ ಇರೋದಿಲ್ಲ, ಸತ್ತು ಹತ್ತು ವರ್ಷ ಆದೋರು ಇರ್ತಾರೆ. ಸತ್ತೋರ ಹೆಸರಲ್ಲಿ ಓಟು ಹಾಕೋಕೆ ಊರಲ್ಲಿ ಬದುಕಿರೋರು ತಯಾರಿರ್ತಾರೆ, ಅದನ್ನೂ ತಿಳಕೊಳ್ಳಿ. ತಪ್ಪು ತಿದ್ದೋಕೆ ಫಾರಂ 8, ಹೆಸರು ತೆಗೆಸೋಕೆ ಫಾರಂ 7.

ಈ ಫಾರಂ 7ರ ಮೇಲೆ ಕಣ್ಣಿಟ್ಟಿರಬೇಕು. 2023ರ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಿರಿ ಅಂತ 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಪರಿಶೀಲನೆ ಮಾಡಿದಾಗ ಸರಿಯಾಗಿದ್ದವು 24 ಮಾತ್ರ. ಉಳಿದವನ್ನು ತಿರಸ್ಕರಿಸಿ ಪೊಲೀಸ್ ಕೇಸು ದಾಖಲಿಸಿದರು. ಯಾರೋ ನೋಡಿದ್ದಕ್ಕೆ ಹೆಸರುಗಳು ಉಳಿದವು. ನೋಡದಿದ್ದರೆ? ಬಿಹಾರದಲ್ಲಿ 2025ರಲ್ಲಿ ವಿಶೇಷ ಪರಿಷ್ಕರಣೆ ನಡೆದಾಗ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಆ ಹೆಸರುಗಳನ್ನು ಕಾರಣದ ಸಮೇತ ಪ್ರಕಟಿಸಿ ಅಂತ ಸುಪ್ರೀಂ ಕೋರ್ಟು ಆಗಸ್ಟ್ 14ರಂದು ಹೇಳಬೇಕಾಯಿತು. ಪರಿಷ್ಕರಣೆ ಯಾವ ರಾಜ್ಯದಲ್ಲಿ ನಡೆದರೂ ಅಕ್ಷರ ಬಾರದ ಮನೆ, ಗುಳೆ ಹೋದ ಮನೆ, ಬೀಗ ಹಾಕಿದ ಮನೆಗೇ ಮೊದಲ ಏಟು.

ನಮ್ಮ ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕೊಡಗಿನ ಕಾಫಿ ತೋಟಕ್ಕೆ, ಕಬ್ಬು ಕಡಿಯೋಕೆ ಹೋಗ್ತಾರೆ. "ಅವರು ಊರಲ್ಲಿಲ್ಲ, ಹೆಸರು ತೆಗೆಯಿರಿ" ಅಂತ ಯಾರಾದರೂ ಅಂದರೆ ಕಾನೂನು ಹೇಳಿ: ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಅವನು ಆ ಊರಿನ ವಾಸಿಯಲ್ಲ ಅಂತ ಆಗೋದಿಲ್ಲ. ಬದುಕಿರುವವರ ಹೆಸರನ್ನು ಅವರ ಮಾತು ಕೇಳದೆ ತೆಗೆಯುವ ಹಾಗಿಲ್ಲ. ಮನೆಯೇ ಇಲ್ಲದವರು ಪಟ್ಟಿ ಸೇರಬಹುದಾ? ಸೇರಬಹುದು. ಬೀದಿ ಬದಿಯಲ್ಲಿ ಮಲಗುವವನು ಆ ಜಾಗವನ್ನೇ ವಿಳಾಸ ಅಂತ ಕೊಟ್ಟರೆ ಬಿಎಲ್‌ಒ ರಾತ್ರಿ ಹೊತ್ತು ಹೋಗಿ ಅವನು ಅಲ್ಲೇ ಮಲಗುತ್ತಾನಾ ಅಂತ ಒಂದಕ್ಕಿಂತ ಹೆಚ್ಚು ದಿನ ನೋಡಬೇಕು. ಕಾಗದ ಕೇಳಬಾರದು.

ಓಟಿನ ದಿನ

ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಎಪಿಕ್ ಕಾರ್ಡು ಕಳೆದಿದ್ದರೂ ಓಟು ಇದೆ. ಆಯೋಗ ಒಪ್ಪುವ ಬೇರೆ ದಾಖಲೆಗಳ ಪಟ್ಟಿಯನ್ನು ಪ್ರತಿ ಚುನಾವಣೆಗೂ ಪ್ರಕಟಿಸುತ್ತೆ. ಆಧಾರ್, ಉದ್ಯೋಗ ಖಾತ್ರಿ ಜಾಬ್ ಕಾರ್ಡು, ಫೋಟೋ ಇರುವ ಪಾಸ್‌ಬುಕ್ ಅದರಲ್ಲಿ ಇರುತ್ತವೆ. ನಮ್ಮ ಕಾಲೇಜಿನ ಐಡಿ ಕಾರ್ಡು ಈಚಿನ ಪಟ್ಟಿಗಳಲ್ಲಿಲ್ಲ, ಅದನ್ನ ನಂಬಿಕೊಂಡು ಹೋಗಬೇಡಿ. ಮತದಾರರ ಚೀಟಿ ಒಂದೇ ಇದ್ದರೂ ಸಾಲದು.

ಒಳಗೆ ಮೊದಲ ಅಧಿಕಾರಿ ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿ ಕೂಗಿ ಹೇಳ್ತಾರೆ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, ರಿಜಿಸ್ಟರಿನಲ್ಲಿ ಸಹಿ ಇಲ್ಲಾ ಹೆಬ್ಬೆಟ್ಟು ಹಾಕಿಸ್ಕೊಂಡು ಚೀಟಿ ಕೊಡ್ತಾರೆ. ದೇಶದ ಚುನಾವಣೆಗಳ ಆ ಶಾಯಿ ನಮ್ಮ ಮೈಸೂರಿನದು. 1962ರಿಂದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ ತಯಾರಾಗಿ ಹೋಗ್ತಿದೆ. ಮುಟ್ಟಿದರೆ ಮೈಲಿಗೆ ಅಂದ ಕೈಗೂ ಮೈಲಿಗೆ ಅನ್ನಿಸಿಕೊಂಡ ಕೈಗೂ ಒಂದೇ ಸೀಸೆಯ ಶಾಯಿ. ಮೂರನೆಯವರು ಚೀಟಿ ತಗೊಂಡು ಯಂತ್ರ ಬಿಡ್ತಾರೆ. ಮರೆಯೊಳಕ್ಕೆ ಹೋಗಿ, ನಿಮಗೆ ಬೇಕಾದ ಗುರುತಿನ ಎದುರು ನೀಲಿ ಗುಂಡಿ ಒತ್ತಿ. ಕೆಂಪು ದೀಪ ಹತ್ತುತ್ತೆ. ಪಕ್ಕದ ಯಂತ್ರದ ಗಾಜಿನೊಳಗೆ ನೀವು ಒತ್ತಿದ ಗುರುತಿನ ಚೀಟಿ ಏಳು ಸೆಕೆಂಡು ಕಾಣುತ್ತೆ. ಅದನ್ನು ನೋಡಿ, ಬೀಪ್ ಶಬ್ದ ಕೇಳಿ, ಆಮೇಲೆ ಹೊರಗೆ ಬನ್ನಿ. ಯಾರೂ ಬೇಡ ಅನ್ನೋರಿಗೆ 2013ರಿಂದ ನೋಟಾ ಗುಂಡಿ ಇದೆ. ಆದರೆ ನೋಟಾಕ್ಕೆ ಎಷ್ಟೇ ಬಿದ್ದರೂ ಉಳಿದವರಲ್ಲಿ ಹೆಚ್ಚು ಬಿದ್ದವನೇ ಗೆಲ್ಲೋದು, ಇದು ನೆನಪಿರಲಿ.

"ನಿನ್ನ ಓಟು ಆಗಲೇ ಬಿದ್ದೋಯ್ತು, ಹೋಗು" ಅಂದರೆ ತಲೆ ತಗ್ಗಿಸಿಕೊಂಡು ವಾಪಸ್ ಬರಬೇಡಿ. ಟೆಂಡರ್ ಬ್ಯಾಲೆಟ್ ಕೊಡಿ ಅಂತ ಪ್ರಿಸೈಡಿಂಗ್ ಆಫೀಸರನ್ನ ಕೇಳಿ. ಕಾಗದದ ಮತಪತ್ರ ಕೊಟ್ಟು, ನಿಮ್ಮ ಓಟನ್ನು ಬೇರೆ ಲಕೋಟೆಯಲ್ಲಿ ಇಡಬೇಕು. ಅದನ್ನು ಮಾಮೂಲಿ ಎಣಿಕೆಗೆ ಸೇರಿಸೋದಿಲ್ಲ, ಕೋರ್ಟಿಗೆ ಹೋದಾಗ ಬೇಕಾಗುತ್ತೆ. ನಿಮ್ಮ ಹೆಸರು ಕದ್ದದ್ದಕ್ಕೆ ಅದೇ ಸಾಕ್ಷಿ.

ಕಣ್ಣು ಕಾಣದ ಅಜ್ಜಿಯ ಕೈ ಹಿಡಿದು "ನಾನು ಒತ್ತಿಸ್ತೀನಿ ಬಾ" ಅಂತ ಊರ ಮುಖಂಡನ ಕಡೆಯವನು ಮುಂದೆ ಬರ್ತಾನೆ. ಸಂಗಾತಿಯನ್ನು ಆರಿಸೋದು ಅಜ್ಜಿ. ಸಂಗಾತಿಗೆ 18 ಆಗಿರಬೇಕು, ಅವತ್ತು ಅವನು ಒಬ್ಬರಿಗೆ ಮಾತ್ರ ಸಂಗಾತಿ ಆಗಬಹುದು, ಗುಟ್ಟು ಕಾಯ್ತೀನಿ ಅಂತ ಬರೆದುಕೊಡಬೇಕು. ಅಕ್ಷರ ಬಾರದು ಅನ್ನೋದು ಸಂಗಾತಿ ಬರೋಕೆ ಕಾರಣವಲ್ಲ. ಗುರುತು ಗುರುತಿಸೋಕೆ ನಮ್ಮ ಅವ್ವಂದಿರಿಗೆ ಯಾರ ಸಹಾಯವೂ ಬೇಡ.

ಕೂಲಿ ಬಿಟ್ಟು ಹೇಗೆ ಬರೋದು ಅನ್ನೋರಿಗೆ ಹೇಳಿ: ವ್ಯಾಪಾರ, ಕೈಗಾರಿಕೆ, ಇತರ ಸಂಸ್ಥೆಗಳಲ್ಲಿ ದುಡಿಯುವ ಮತದಾರರಿಗೆ ಅವತ್ತು ಸಂಬಳ ಸಹಿತ ರಜ ಕೊಡಬೇಕು. ದಿನಗೂಲಿಯವರಿಗೂ ಸೇರಿಸಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮು. ಸಂಜೆ ಹೊತ್ತು ಮುಗಿಯುವಾಗ ಸಾಲಿನಲ್ಲಿದ್ದವರೆಲ್ಲರಿಗೂ ಚೀಟಿ ಕೊಟ್ಟು ಓಟು ಹಾಕಿಸಬೇಕು. ಸಾಲು ಬಿಡಬೇಡಿ.

ಭಯ ಮತ್ತು ದುಡ್ಡು

ಹಸಿದವರಿಗೆ ನೀತಿ ಹೇಳೋದು ಸುಲಭ. ಐನೂರು ರೂಪಾಯಿ ಇಸ್ಕೊಂಡ ಅವ್ವನನ್ನ ಬಯ್ಯೋಕೆ ನಾವು ಇಲ್ಲಿ ಕೂತಿಲ್ಲ. ಕೊಡೋದೂ ತಗೊಳ್ಳೋದೂ ಅಪರಾಧ, ಒಂದು ವರ್ಷದವರೆಗೆ ಶಿಕ್ಷೆ ಇದೆ ಅನ್ನೋದನ್ನ ಮಾತ್ರ ಅವಳಿಗೆ ಹೇಳಿ. ಕೊಟ್ಟೋನು ದೇವರ ಫೋಟೋ ಮುಟ್ಟಿಸಿ ಆಣೆ ಮಾಡಿಸಿಕೊಂಡು ಹೋಗಿರ್ತಾನೆ. ಓಟಿಗೋಸ್ಕರ ದೇವರ ಶಾಪದ ಬೆದರಿಕೆ ಹಾಕೋದೇ ಕಾನೂನಿನಲ್ಲಿ ಭ್ರಷ್ಟ ಆಚರಣೆ. ದುಡ್ಡಿನ ಆಣೆಗೆ ಯಾವ ದೇವರೂ ಜಾಮೀನು ನಿಲ್ಲೋದಿಲ್ಲ ಅಂತ ಅವ್ವನಿಗೆ ಹೇಳೋಕೆ ನಮ್ಮ ಬಾಯಿ ಬೇಕು. ಫೋಟೋ ತೆಗೆದು ತೋರಿಸು ಅಂತಲೂ ಕೇಳ್ತಾರೆ. ಮರೆಯೊಳಕ್ಕೆ ಮೊಬೈಲು ಒಯ್ಯುವ ಹಾಗೇ ಇಲ್ಲ. ಒಳಗೆ ನೀವು ಯಾರಿಗೆ ಒತ್ತಿದಿರಿ ಅಂತ ಯಾವ ಗೌಡನಿಗೂ ಗೊತ್ತಾಗೋದಿಲ್ಲ.

ಆದರೆ ಇನ್ನೊಂದು ನಿಜ ಮುಚ್ಚಿಡಬಾರದು. ಒಬ್ಬೊಬ್ಬರ ಓಟು ಗುಟ್ಟಾಗಿರುತ್ತೆ, ಬೂತಿನ ಲೆಕ್ಕ ಹೊರಗೆ ಬರುತ್ತೆ. "ಕೇರಿಯವರು ನಮಗೆ ಹಾಕಲಿಲ್ಲ" ಅಂತ ಅದರಿಂದ ಊಹೆ ಮಾಡ್ತಾರೆ. ಆಮೇಲೆ ಕೂಲಿ ಬಂದ್, ನೀರು ಬಂದ್, ಅಂಗಡಿ ಬಂದ್. ಇದಕ್ಕೇ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. 2016ರ ಜನವರಿ 26ರಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ, ದಲಿತರನ್ನ ಆದಿವಾಸಿಗಳನ್ನ ಓಟು ಹಾಕದಂತೆ ತಡೆದರೆ, ಇಂಥವನಿಗೇ ಹಾಕು ಅಂತ ಬೆದರಿಸಿದರೆ, ನಾಮಪತ್ರ ಹಾಕದಂತೆ ಮಾಡಿದರೆ ಅಪರಾಧ. ಮತದಾನ ಆದ ಮೇಲೆ ಹೊಡೆದರೂ, ಸಾಮಾಜಿಕ ಇಲ್ಲವೆ ಆರ್ಥಿಕ ಬಹಿಷ್ಕಾರ ಹಾಕಿದರೂ, ಹಾಕ್ತೀವಿ ಅಂತ ಬೆದರಿಸಿದರೂ ಅಪರಾಧ. ಮೂರನೇ ಕಲಮು, ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ದೂರು ಬರೆದುಕೊಡಿ, ಪ್ರತಿ ಇಟ್ಟುಕೊಳ್ಳಿ. ದೂರು ದಾಖಲಿಸದೆ ಕರ್ತವ್ಯ ಮರೆತ ಅಧಿಕಾರಿಗೂ ನಾಲ್ಕನೇ ಕಲಮಿನಲ್ಲಿ ಶಿಕ್ಷೆ ಇದೆ. ಬೆದರಿಕೆಗೆ ಸಿಕ್ಕಬಹುದಾದ ಕೇರಿಗಳನ್ನು ಚುನಾವಣೆಗೆ ಮುಂಚೆಯೇ ಗುರುತು ಮಾಡಿ ರಕ್ಷಣೆ ಕೊಡಬೇಕು ಅಂತ ಆಯೋಗದ ಆದೇಶವಿದೆ. ನಮ್ಮ ಕೇರಿ ಆ ಪಟ್ಟಿಯಲ್ಲಿದೆಯಾ ಅಂತ ತಾಲ್ಲೂಕು ಕಛೇರಿಯಲ್ಲಿ ಕೇಳೋರು ಯಾರು? ನಾವೇ ತಾನೆ?

ಒಂದು ಓಟು

ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರವಾಗಿತ್ತು. 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಓಟು. ಒಂದೇ ಒಂದು! 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಗೆಲುವಿನ ಅಂತರ 16. ಒಂದು ಹಾಸ್ಟೆಲ್ ರೂಮಿನ ಹುಡುಗರು, ಅವರ ಪಕ್ಕದ ರೂಮಿನ ಹುಡುಗರು. ಅಷ್ಟೆ.

ನಮ್ಮ ವಿಧಾನಸಭೆಯ 224 ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಉಳಿದ 173ರಲ್ಲೂ ನಮ್ಮ ಕೇರಿಗಳಿವೆ. 2011ರ ಜನಗಣತಿಯಲ್ಲಿ ಪರಿಶಿಷ್ಟ ಜಾತಿಯವರು ರಾಜ್ಯದ ಶೇ. 17ಕ್ಕಿಂತ ಹೆಚ್ಚು. ಓಟು ಕೇಳೋಕೆ ಬಂದವನನ್ನ ಕೂರಿಸಿ ಕೇಳಿ: 2013ರ ಉಪಯೋಜನೆ ಕಾಯ್ದೆಯ ಪ್ರಕಾರ ನಮ್ಮ ಜನಸಂಖ್ಯೆಗೆ ತಕ್ಕ ಹಣ ಬಜೆಟ್ಟಿನಲ್ಲಿ ಇಡಬೇಕಲ್ಲ, ಆ ಹಣ ನಮ್ಮ ಹಾಸ್ಟೆಲಿಗೆ, ಕೇರಿಗೆ ಎಷ್ಟು ಬಂತು? ಉತ್ತರ ಗೊತ್ತಿಲ್ಲದವನು ಓಟು ಕೇಳೋಕೆ ಇನ್ನೊಂದು ಸಲ ಬರಲಿ.

ಓಟೊಂದರಿಂದಲೇ ಬಿಡುಗಡೆ ಆಗಿಬಿಡುತ್ತೆ ಅಂತ ನಾವು ಹೇಳೋದಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರೇ ಎಚ್ಚರಿಸಿದ್ದರು. ರಾಜಕೀಯದಲ್ಲಿ ಸಮಾನತೆ ಬರುತ್ತೆ, ಸಮಾಜದಲ್ಲಿ ಆರ್ಥಿಕತೆಯಲ್ಲಿ ಅಸಮಾನತೆ ಉಳಿಯುತ್ತೆ, ಈ ವಿರೋಧಾಭಾಸವನ್ನ ಬೇಗ ತೊಡೆಯದಿದ್ದರೆ ನೊಂದವರು ಈ ಕಟ್ಟಡವನ್ನೇ ಕೆಡವುತ್ತಾರೆ ಅಂತ ಅವರ ಮಾತಿನ ತಾತ್ಪರ್ಯ. ಭೂಮಿಯ ಹೋರಾಟ, ಕೂಲಿಯ ಹೋರಾಟ, ಮರ್ಯಾದೆಯ ಹೋರಾಟ ಬೀದಿಯಲ್ಲಿ ನಡೆಯಲೇಬೇಕು. ಆದರೆ ಪಟ್ಟಿಯಲ್ಲಿ ಹೆಸರೇ ಇಲ್ಲದವನ ಕೂಗು ವಿಧಾನಸೌಧಕ್ಕೆ ಬೇಗ ಕೇಳಿಸೋದಿಲ್ಲ.

ಆದ್ದರಿಂದ ಗೆಳೆಯರೆ, ಈ ಸಭೆ ಮುಗಿಯೋದು ಚಪ್ಪಾಳೆಯಿಂದ ಬೇಡ. ಒಂದೊಂದು ಹಾಸ್ಟೆಲಿಗೂ ಇಬ್ಬರು ಹೆಸರು ಕೊಡಿ. ಅವರು ಈ ವಾರ ಫಾರಂ 6 ಮತ್ತು ಫಾರಂ 8 ತಂದು ರೂಮು ರೂಮಿಗೆ ಹಂಚಲಿ, ಪ್ರಿನ್ಸಿಪಾಲರ ಹತ್ತಿರ ಬೋನಾಫೈಡಿಗೆ ಒಟ್ಟಿಗೆ ಹೋಗಲಿ. ಊರಿನಲ್ಲಿ ಹೆಸರಿದ್ದವರು ರಜಕ್ಕೆ ಹೋಗುವಾಗ ಬಟ್ಟೆಗಂಟಿನ ಜೊತೆ ಬೂತಿನ ಪಟ್ಟಿಯನ್ನೂ ಒಯ್ಯಲಿ. ಪ್ರತಿ ಬೂತಿನಲ್ಲೂ ಯಾವುದಾದರೊಬ್ಬ ಅಭ್ಯರ್ಥಿಯ ಏಜೆಂಟಾಗಿ ನಮ್ಮ ಕೇರಿಯ ಒಬ್ಬ ಹುಡುಗನೋ ಹುಡುಗಿಯೋ ಕೂರಲಿ. ನಕಲಿ ಓಟಿಗೆ ಬಂದವನನ್ನ "ಇವನು ಅವನಲ್ಲ" ಅಂತ ಪ್ರಶ್ನಿಸೋಕೆ ಏಜೆಂಟು ಕಟ್ಟಬೇಕಾದ ಠೇವಣಿ ಎರಡು ರೂಪಾಯಿ. ಎರಡೇ ರೂಪಾಯಿ! ಅಷ್ಟು ದುಡ್ಡು ನಮ್ಮ ಹತ್ತಿರ ಇದೆ. ಬೇಕಾಗಿರೋದು ಎದ್ದು ನಿಂತು ಹೇಳುವ ಗಂಟಲು.

ಹೆಸರು ಬರೆಸಿ. ಬರೆದದ್ದನ್ನ ಓದಿ. ಓದಿದ್ದನ್ನ ಕಾಯಿರಿ.

ಜೈ ಭೀಮ್.